ಉಪ್ಪು ತಿಂದ ಗಿಡ ಬದುಕುವುದು ಹೇಗೆ?

ಈ ತಿಂಗಳ ಗೋಡೆ ಪತ್ರಿಕೆಯ ವಿಜ್ಞಾನ ವಿಭಾಗಕ್ಕೆ ಬರೆಯುವ ಸರದಿ ನನ್ನದು. ಪಾಠ ಸ್ವಲ್ಪ ಉದ್ದ ಅದ. ಊಟದ ಬಿಡುವಿನಲ್ಲಿ ನಿಂತು ಓದಿರಿ, ಉಳಿದದ್ದು ನಾಳೆ ಓದಿರಿ.

ಪೀಠಿಕೆ

"ಉಪ್ಪು ತಿಂದವನು ನೀರು ಕುಡಿಯಲೇಬೇಕು" ಎಂಬ ಗಾದೆ ನಮಗೆಲ್ಲ ಗೊತ್ತು. ಇದು ಮನುಷ್ಯರಿಗೆ ಹೇಳಿದ ಮಾತು. ಆದರೆ ಗಿಡವೇ ಉಪ್ಪು ತಿಂದರೆ ಅದರ ಗತಿ ಏನು? ಬಾವಿಗೆ ಹೋಗಲು ಅದಕ್ಕೆ ಕಾಲಿಲ್ಲ. ನಿಂತ ನೆಲದಲ್ಲೇ ಉಪ್ಪಿದ್ದರೆ ಓಡಿ ಹೋಗಲೂ ಬಾರದು. ನಿಂತಲ್ಲೇ ತನ್ನ ಒಳಗಿನ ಕೆಲಸವನ್ನು ಬದಲಿಸಿಕೊಂಡು ಬದುಕಬೇಕು, ಇಲ್ಲವೇ ಒಣಗಬೇಕು. ಜೀವಿಯ ಒಳಗೆ ನಡೆಯುವ ಈ ಕಟ್ಟುವ, ಒಡೆಯುವ, ಶಕ್ತಿ ಖರ್ಚು ಮಾಡುವ ಕೆಲಸಗಳಿಗೆ ನಮ್ಮ ಪುಸ್ತಕದಲ್ಲಿ ಚಯಾಪಚಯ ಎಂಬ ಹೆಸರಿದೆ.

"ಸಮುದ್ರ ಎಲ್ಲಿ, ಬಸವಕಲ್ಯಾಣ ಎಲ್ಲಿ? ನಮಗ್ಯಾಕ ಈ ವಿಷಯ?" ಎಂದು ನೀವು ಕೇಳಬಹುದು. ಕಾರಣ ಅದ. ನಮ್ಮ ಬಸವಕಲ್ಯಾಣ, ಹುಮನಾಬಾದ್ ಕಡೆ ದಿಬ್ಬದ ಮೇಲೆ ಕೆಂಪು ನೆಲ, ತಗ್ಗಿನಲ್ಲಿ ಕರಿ ನೆಲ. ನಮ್ಮ ಕರಿ ಹೊಲದ ತಗ್ಗಿನ ಕಡೆ ಹತ್ತು ಗುಂಟೆಯಷ್ಟು ಜಾಗದಲ್ಲಿ ಬೇಸಿಗೆಗೆ ಬಿಳಿ ಪುಡಿ ಕಾಣಿಸುತ್ತದೆ. ಅಲ್ಲಿ ತೊಗರಿ ಏಳುವುದಿಲ್ಲ, ಹೆಸರು ಎಲೆಯಂಚಿನಿಂದ ಸುಟ್ಟು ಹೋಗುತ್ತದೆ. ಆ ಜಾಗಕ್ಕೆ ಏನು ಹಾಕಬೇಕು ಎಂದು ಮನೆಯಲ್ಲಿ ಮಾತು ನಡೆದಿದೆ. ಕಾಕಾ ಅಂತಾರ, "ನೀರು ಅದ, ಕಬ್ಬು ಹಚ್ಚೋಣ." ಅಪ್ಪ ಅಂತಾರ, "ಉಪ್ಪಿಗೆ ತಡೆಯೋ ಬೀಜ ಎಲ್ಲ್ಯಾರ ಸಿಕ್ಕರ ತಂದು ಬಿತ್ತೋಣ, ನೆಲ ತಾನೇ ಸುಧಾರಿಸ್ತದ." ಈ ಎರಡೂ ಮಾತು ಸರಿಯೋ ತಪ್ಪೋ ತಿಳಿಯಬೇಕಾದರೆ ಗಿಡದ ಒಳಗೆ ಏನು ನಡೆಯುತ್ತದೆ ಎಂದು ನೋಡಬೇಕು.

1. ಸವಳು ಎಂದರೇನು?

ಎಲ್ಲ ಮಣ್ಣಿನಲ್ಲೂ ಸ್ವಲ್ಪ ಲವಣ ಇರುತ್ತದೆ. ಕಲ್ಲು ಕರಗಿ ಮಣ್ಣಾಗುವಾಗ ಬಂದ ಲವಣ ಅದು. ನೀರು ಬಸಿದು ಹೋಗುವ ನೆಲದಲ್ಲಿ ಮಳೆ ಅದನ್ನು ತೊಳೆದುಬಿಡುತ್ತದೆ. ಕರಿ ಮಣ್ಣು ಜಿಗುಟು, ನೀರು ಬೇಗ ಇಳಿಯುವುದಿಲ್ಲ. ತಗ್ಗಿನಲ್ಲಿ ನೀರು ನಿಂತು ಅಂತರ್ಜಲ ಮೇಲೆ ಬಂತೆಂದರೆ, ದೀಪದ ಬತ್ತಿ ಎಣ್ಣೆ ಎಳೆದಂತೆ ಮಣ್ಣು ಕೆಳಗಿನ ನೀರನ್ನು ಮೇಲಕ್ಕೆ ಎಳೆಯುತ್ತದೆ. ಬಿಸಿಲಿಗೆ ನೀರು ಆರಿ ಹೋಗುತ್ತದೆ, ಲವಣ ಮಾತ್ರ ಮೇಲೆ ಉಳಿಯುತ್ತದೆ. ಇದೇ ಸವಳು.

ಇದನ್ನು ಅಳೆಯಲು ವಿದ್ಯುತ್ ವಾಹಕತೆ ನೋಡುತ್ತಾರೆ. ಉಪ್ಪು ಹೆಚ್ಚಿದಷ್ಟು ನೀರಿನಲ್ಲಿ ಕರೆಂಟು ಹೆಚ್ಚು ಹರಿಯುತ್ತದೆ. ಅಳತೆಯ ಹೆಸರು ಡೆಸಿಸೀಮನ್ಸ್ ಪ್ರತಿ ಮೀಟರ್. ಒಂದು ಡೆಸಿಸೀಮನ್ಸ್ ಎಂದರೆ ಒಂದು ಲೀಟರ್ ನೀರಿನಲ್ಲಿ ಸುಮಾರು 0.64 ಗ್ರಾಂ ಲವಣ. ನೆನೆಸಿದ ಮಣ್ಣಿನಿಂದ ತೆಗೆದ ದ್ರಾವಣ 4ಕ್ಕಿಂತ ಹೆಚ್ಚು ತೋರಿಸಿದರೆ ಅದು ಸವಳು ಮಣ್ಣು. ಸಮುದ್ರದ ನೀರು 50ರ ಆಸುಪಾಸು ತೋರಿಸುತ್ತದೆ.

ನಮ್ಮ ಕಲ್ಯಾಣ ಕರ್ನಾಟಕದಲ್ಲೇ ಇದರ ದೊಡ್ಡ ಉದಾಹರಣೆ ತುಂಗಭದ್ರಾ ಅಚ್ಚುಕಟ್ಟು. 1953ರಲ್ಲಿ ಕಾಲುವೆಗೆ ನೀರು ಬಂತು. ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಹೊಲಗಳು ಹಸಿರಾದವು. ಆದರೆ ತಗ್ಗಿನ ಕರಿ ಹೊಲಗಳಿಗೆ ಸವಳು ಜವಳು ಹತ್ತಿತು. ಅದಕ್ಕೇ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಸವಳಿನ ಅಭ್ಯಾಸ ನಡೆಯುತ್ತದೆ.

2. ಉಪ್ಪು ಮಾಡುವ ಎರಡು ಕೇಡು

ಮೊದಲನೆಯದು ಬಾಯಾರಿಕೆ. ಅವ್ವ ಉಪ್ಪಿನಕಾಯಿಗೆ ಮಾವಿನ ಹೋಳು ಉಪ್ಪು ಹಚ್ಚಿಟ್ಟರೆ ಮರುದಿನ ಹೋಳು ಮುದುಡಿ, ತಳದಲ್ಲಿ ನೀರು ನಿಂತಿರುತ್ತದೆ. ಲವಣ ಹೆಚ್ಚು ಇರುವ ಕಡೆಗೆ ನೀರು ಕೋಶಪೊರೆ ದಾಟಿ ಹರಿಯುತ್ತದೆ. ಇದೇ ಅಭಿಸರಣೆ. ಹೊಲದಲ್ಲೂ ಹೀಗೆಯೇ. ಮಣ್ಣಿನ ನೀರು ಬೇರಿನ ರಸಕ್ಕಿಂತ ಉಪ್ಪಾದರೆ, ಕಾಲಬುಡದಲ್ಲೇ ನೀರಿದ್ದರೂ ಗಿಡಕ್ಕೆ ಅದು ಸಿಗುವುದಿಲ್ಲ. ಸಮುದ್ರದ ನೀರಿನ ಅಭಿಸರಣ ಒತ್ತಡ ಸುಮಾರು 25 ವಾಯುಮಂಡಲದಷ್ಟು. ಲಾರಿ ಗಾಲಿಯಲ್ಲಿ ತುಂಬಿದ ಗಾಳಿಯ ಒತ್ತಡಕ್ಕೆ ಇದು ಮೂರು ಪಟ್ಟಿಗಿಂತ ಹೆಚ್ಚು. ಅಷ್ಟು ಬಿಗಿ ಹಿಡಿದ ನೀರನ್ನು ಗಿಡ ಎಳೆಯಬೇಕು.

ಎರಡನೆಯದು ವಿಷ. ಉಪ್ಪು ನೀರಿನಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಎಂದು ಒಡೆಯುತ್ತದೆ. ಗಿಡದ ಕೋಶಕ್ಕೆ ಬೇಕಾದದ್ದು ಪೊಟ್ಯಾಸಿಯಂ. ಸೋಡಿಯಂ ಅದರ ಹಾಗೇ ವೇಷ ಹಾಕಿಕೊಂಡು ಅದೇ ಬಾಗಿಲಿನಿಂದ ಒಳಗೆ ಬರುತ್ತದೆ. ಬಂದ ಮೇಲೆ ಪೊಟ್ಯಾಸಿಯಂ ಮಾಡುವ ಕೆಲಸ ಮಾಡುವುದಿಲ್ಲ, ಜಾಗ ಮಾತ್ರ ಹಿಡಿಯುತ್ತದೆ. ಕಿಣ್ವಗಳು ಕೆಲಸ ಬಿಡುತ್ತವೆ. ಎಲೆಯ ಅಂಚು ಸುಡುತ್ತದೆ.

3. ಒಂದು ಅಚ್ಚರಿಯ ಸಂಗತಿ

ಸಮುದ್ರದ ದಂಡೆಯಲ್ಲಿ, ಉಪ್ಪು ನೆಲದಲ್ಲಿ ಬೆಳೆಯುವ ಗಿಡಗಳಿಗೆ ಲವಣಸಸ್ಯ ಎನ್ನುತ್ತಾರೆ. ಇವುಗಳ ಕಿಣ್ವಗಳೇ ಬೇರೆ ಜಾತಿಯವು, ಉಪ್ಪಿಗೆ ಹೆದರದವು ಎಂದು ಯಾರಿಗಾದರೂ ಅನ್ನಿಸಬಹುದು. 1972ರಲ್ಲಿ ಗ್ರೀನ್‌ವೇ ಮತ್ತು ಆಸ್ಮಂಡ್ ಎಂಬ ವಿಜ್ಞಾನಿಗಳು ಅಟ್ರಿಪ್ಲೆಕ್ಸ್, ಸ್ಯಾಲಿಕೋರ್ನಿಯಾ ಎಂಬ ಉಪ್ಪುನೆಲದ ಗಿಡಗಳ ಕಿಣ್ವವನ್ನೂ ಬೀನ್ಸ್ ಗಿಡದ ಕಿಣ್ವವನ್ನೂ ತೆಗೆದು ಉಪ್ಪು ನೀರಿನಲ್ಲಿ ಪರೀಕ್ಷಿಸಿದರು. ಎರಡೂ ಒಂದೇ ತೆರನಾಗಿ ಸೋತವು!

ಅಂದರೆ ಉಪ್ಪಿನಲ್ಲಿ ಬೆಳೆಯುವ ಗಿಡಕ್ಕೂ ಉಪ್ಪು ವಿಷವೇ. ಅದು ನಮ್ಮ ಹೆಸರಿನ ಗಿಡದಷ್ಟೇ ನಾಜೂಕು. ಹಾಗಾದರೆ ಬದುಕುವುದು ಹೇಂಗ? ಉಪ್ಪನ್ನು ಎಲ್ಲಿ ಇಡಬೇಕೋ ಅಲ್ಲೇ ಇಡುವ ಜಾಣತನದಿಂದ. ಈ ಪಾಠದಲ್ಲಿ ನೆನಪಿಡಬೇಕಾದ ಮುಖ್ಯ ಮಾತು ಇದೇ.

4. ಗಿಡದ ಐದು ಉಪಾಯಗಳು

(ಅ) ಬಾಗಿಲಲ್ಲೇ ತಡೆಯುವುದು: ಕುಮಟಾ ಕಡೆ ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ ಕಾಂಡ್ಲಾ ಕಾಡು ಇದೆ. (ಈ ಅಳಿವೆ ಪ್ರದೇಶಕ್ಕೆ 2024ರ ಜನವರಿಯಲ್ಲಿ ರಾಮ್ಸಾರ್ ತಾಣದ ಮಾನ್ಯತೆ ಸಿಕ್ಕಿತು.) ಅಲ್ಲಿಯ ರೈಜೋಫೊರಾ ಜಾತಿಯ ಗಿಡ ಬೇರಿನಲ್ಲೇ ಉಪ್ಪು ಸೋಸುತ್ತದೆ. ನೂರರಲ್ಲಿ 99 ಪಾಲು ಉಪ್ಪು ಹೊರಗೇ ಉಳಿಯುತ್ತದೆ. ಬೇರಿನ ಒಳಪದರದ ಕೋಶಗಳ ನಡುವೆ ಮೇಣದಂಥ ಪಟ್ಟಿ ಇದೆ. ಅದರಿಂದಾಗಿ ನೀರು ಸಂದಿಯಿಂದ ನುಸುಳಲಾರದು, ಕೋಶಪೊರೆಯ ಬಾಗಿಲು ದಾಟಿಯೇ ಬರಬೇಕು. ನುಸುಳಿದ ಸೋಡಿಯಂ ಅನ್ನು ಹೊರದೂಡುವ ಪಂಪುಗಳೂ ಪೊರೆಯಲ್ಲಿವೆ.

(ಆ) ಭರಣಿಯಲ್ಲಿ ಇಡುವುದು: ಉಪ್ಪನ್ನು ಯಾರೂ ಕಬ್ಬಿಣದ ಡಬ್ಬಿಯಲ್ಲಿ ಇಡುವುದಿಲ್ಲ, ಡಬ್ಬಿ ತುಕ್ಕು ತಿನ್ನುತ್ತದೆ. ಚೀನಿ ಭರಣಿಯಲ್ಲಿ ಇಡುತ್ತಾರೆ. ಗಿಡದ ಕೋಶದಲ್ಲೂ ಒಂದು ಭರಣಿ ಅದ, ಅದೇ ರಸದಾನಿ. ಬೆಳೆದ ಕೋಶದಲ್ಲಿ ನೂರಕ್ಕೆ 90 ಪಾಲು ಜಾಗ ರಸದಾನಿಯದೇ. ಕಿಣ್ವಗಳು ಕೆಲಸ ಮಾಡುವುದು ಅದರ ಸುತ್ತಲಿನ ತೆಳ್ಳನೆಯ ಕೋಶರಸದಲ್ಲಿ. ಗಿಡ ಸೋಡಿಯಂ ಅನ್ನು ಕೋಶರಸದಿಂದ ಎತ್ತಿ ರಸದಾನಿಗೆ ಹಾಕುತ್ತದೆ. ಹೇಗೆ? ಊರಿನ ನೀರಿನ ಟಾಕಿ ನೆನಪಿಸಿಕೊಳ್ಳಿರಿ. ಮೋಟಾರು ನೀರನ್ನು ಮೇಲೆ ಏರಿಸುತ್ತದೆ. ಏರಿದ ನೀರು ಇಳಿಯುವಾಗ ಕೆಲಸ ಮಾಡಬಲ್ಲದು. ಹಾಗೆಯೇ ರಸದಾನಿಯ ಪೊರೆಯ ಮೋಟಾರು ಎ.ಟಿ.ಪಿ. ಶಕ್ತಿ ಖರ್ಚು ಮಾಡಿ ಹೈಡ್ರೋಜನ್ ಅಯಾನುಗಳನ್ನು ಒಳಗೆ ತುಂಬುತ್ತದೆ. ಅವು ಹೊರಬರುವ ರಭಸದಲ್ಲಿ ಇನ್ನೊಂದು ಬಾಗಿಲು ತಿರುಗಿ, ಒಂದು ಹೈಡ್ರೋಜನ್ ಹೊರಗೆ, ಒಂದು ಸೋಡಿಯಂ ಒಳಗೆ ಎಂದು ಅದಲಿ ಬದಲಿ ನಡೆಯುತ್ತದೆ.

(ಇ) ಒಳಗೆ ಸಮತೂಕ ಮಾಡುವುದು: ರಸದಾನಿ ಉಪ್ಪಾದರೆ ಅದು ಪಕ್ಕದ ಕೋಶರಸದ ನೀರನ್ನೇ ಹೀರಿಬಿಡುತ್ತದೆ. ಆದ್ದರಿಂದ ಕೋಶರಸದಲ್ಲೂ ಏನಾದರೂ ಕರಗಿರಬೇಕು, ಆದರೆ ಅದು ಕಿಣ್ವಕ್ಕೆ ಕೇಡು ಮಾಡಬಾರದು. ಅದಕ್ಕಾಗಿ ಗಿಡ ತನ್ನ ಚಯಾಪಚಯವನ್ನು ತಿರುಗಿಸಿ ಪ್ರೋಲೀನ್ ಎಂಬ ಅಮೈನೋ ಆಮ್ಲ, ಗ್ಲೈಸಿನ್ ಬೀಟೈನ್, ಮ್ಯಾನಿಟಾಲ್‌ನಂಥ ಸಕ್ಕರೆಯ ಬಳಗದ ವಸ್ತು ಇವುಗಳನ್ನು ತಯಾರಿಸುತ್ತದೆ. ಬೀಟ್‌ರೂಟಿನ ಕುಲದಲ್ಲಿ ಮೊದಲು ಸಿಕ್ಕಿದ್ದರಿಂದಲೇ ಬೀಟೈನ್ ಎಂಬ ಹೆಸರು ಬಂತು. ಪಾಲಕದಲ್ಲೂ ಇದು ಇದೆ. ನಾವು ದಿನಾ ರೊಟ್ಟಿ ಮಾಡುವ ಜೋಳದ ಗಿಡವೂ ಇದನ್ನು ಮಾಡಬಲ್ಲದು. ಭತ್ತಕ್ಕೆ ಈ ವಿದ್ಯೆ ಬಾರದು.

(ಈ) ಬೆವರಿ ಹಾಕುವುದು: ಕಾಂಡ್ಲಾ ಕಾಡಿನಲ್ಲಿ ಉಪ್ಪಟ್ಟಿ ಎಂಬ ಗಿಡವೂ ಇದೆ. ಅದರ ಎಲೆಯ ಗ್ರಂಥಿಗಳು ಉಪ್ಪನ್ನು ಹೊರಹಾಕುತ್ತವೆ. ಬಿಸಿಲಿಗೆ ಎಲೆಯ ಮೇಲೆ ಉಪ್ಪಿನ ಹರಳು ಹೊಳೆಯುತ್ತವೆ. ಇದು ದೂರದ ಮಾತಾಯಿತು. ಹತ್ತಿರದ ಮಾತು ಹೇಳಲೇ? ನಾವು ಗಣಪತಿಗೆ ಏರಿಸುವ ಕರಕಿ ಹುಲ್ಲಿನ ಎಲೆಯಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಉಪ್ಪಿನ ಗ್ರಂಥಿಗಳಿವೆ. ಸವಳು ಜಾಗದಲ್ಲಿ ಬೆಳೆ ಸತ್ತರೂ ಕರಕಿ ಹಸಿರಾಗಿ ಉಳಿಯಲು ಇದೂ ಒಂದು ಕಾರಣ.

(ಉ) ರಾತ್ರಿ ಪಾಳಿ ಮಾಡುವುದು: ಗಿಡ ಹಗಲು ಪತ್ರರಂಧ್ರ ತೆರೆದು ಗಾಳಿಯ ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುತ್ತದೆ. ಆಗ ನೀರು ಆವಿಯಾಗಿ ಹೋಗುತ್ತದೆ. ಆಫ್ರಿಕಾದ ದಕ್ಷಿಣ ಭಾಗದ ಹಿಮಸಸ್ಯ ಎಂಬ ಗಿಡಕ್ಕೆ ಉಪ್ಪು ಹಾಕಿದರೆ ಅದು ತನ್ನ ಪದ್ಧತಿಯನ್ನೇ ಬದಲಿಸುತ್ತದೆ ಎಂದು 1972ರಲ್ಲಿ ಜರ್ಮನಿಯ ವಿಜ್ಞಾನಿಗಳು ತೋರಿಸಿದರು. ರಾತ್ರಿ ತಂಪಿನಲ್ಲಿ ರಂಧ್ರ ತೆರೆದು ಇಂಗಾಲವನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ. ಹಗಲು ರಂಧ್ರ ಮುಚ್ಚಿ ಅದರಿಂದ ಸಕ್ಕರೆ ಮಾಡುತ್ತದೆ. ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ನಮ್ಮ ಅಪ್ಪಂದಿರು ರಾತ್ರಿಯೇ ನೀರು ಬಿಡಲು ಹೋಗುವುದಿಲ್ಲವೇ, ಹಾಗೆ! ನೀರಿನ ಬರ ಬಿದ್ದಾಗ ನಮ್ಮ ಹೊಲದ ಗೋಳಿ ಪಲ್ಯವೂ ಇಂಥ ರಾತ್ರಿ ಪಾಳಿ ಮಾಡುತ್ತದೆ.

5. ಇದರ ಖರ್ಚು ಎಷ್ಟು?

ಈ ಉಪಾಯಗಳು ಪುಕ್ಕಟೆ ಅಲ್ಲ. ಪಂಪು ನಡೆಸಲು ಎ.ಟಿ.ಪಿ. ಬೇಕು. ಎ.ಟಿ.ಪಿ. ಬರುವುದು ಉಸಿರಾಟದಲ್ಲಿ ಸಕ್ಕರೆ ಸುಟ್ಟು. ಆ ಸಕ್ಕರೆ ಕಾಳು ಕಟ್ಟಲು, ಬೇರು ಬಿಡಲು ಬೇಕಾಗಿದ್ದದ್ದು.

ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಒಂದು ಸೋಡಿಯಂ ಅಯಾನನ್ನು ತಂದು ರಸದಾನಿಯಲ್ಲಿಟ್ಟು ಒತ್ತಡ ಹೊಂದಿಸಲು ಸುಮಾರು ಮೂರೂವರೆ ಎ.ಟಿ.ಪಿ. ಸಾಕು. ಅದೇ ಕೆಲಸಕ್ಕೆ ಒಂದು ಮ್ಯಾನಿಟಾಲ್ ಅಣು ಮಾಡಲು 34, ಒಂದು ಪ್ರೋಲೀನಿಗೆ 41, ಒಂದು ಬೀಟೈನಿಗೆ 50 ಎ.ಟಿ.ಪಿ. ಬೇಕು. ಎ.ಟಿ.ಪಿ.ಯನ್ನು ರೂಪಾಯಿ ಎಂದು ತಿಳಿಯಿರಿ. ಮೂರೂವರೆ ರೂಪಾಯಿಗೆ ಆಗುವ ಕೆಲಸಕ್ಕೆ ಯಾರು 50 ಕೊಡುತ್ತಾರೆ? ಅದಕ್ಕೇ ಜಾಣ ಗಿಡ ದೊಡ್ಡ ಭರಣಿಯನ್ನು ಅಗ್ಗದ ಉಪ್ಪಿನಿಂದಲೇ ತುಂಬುತ್ತದೆ, ತುಟ್ಟಿಯ ಬೀಟೈನ್, ಪ್ರೋಲೀನ್‌ಗಳನ್ನು ತೆಳ್ಳನೆಯ ಕೋಶರಸಕ್ಕೆ ಮಾತ್ರ ಬಳಸುತ್ತದೆ. ವಿಷವನ್ನೇ ನೀರೆಳೆಯುವ ಆಳಾಗಿ ದುಡಿಸಿಕೊಂಡಿತು ನೋಡ್ರಿ! ಹೀಗೆ ಮಾಡಲು ಬಾರದ ಗಿಡದಲ್ಲಿ ಉಪ್ಪು ಕೋಶರಸಕ್ಕೇ ನುಗ್ಗುತ್ತದೆ. ಹಳೆಯ ಎಲೆಗಳು ಹೊಸ ಎಲೆ ಬರುವುದಕ್ಕಿಂತ ಬೇಗ ಸಾಯುತ್ತವೆ.

6. ಕಗ್ಗ ಭತ್ತದ ಕಥೆ

ಬೆಳೆಗಳಲ್ಲೂ ಉಪ್ಪು ತಾಳುವವು ಇವೆ. ಅಘನಾಶಿನಿ ಅಳಿವೆಯ ಗಜನಿ ಭೂಮಿಗೆ ಭರತದ ಸಮಯದಲ್ಲಿ ಉಪ್ಪು ನೀರು ಬರುತ್ತದೆ. ಕುಮಟಾ ತಾಲೂಕಿನ ಮಾಣಿಕಟ್ಟಾ ಕಡೆ ರೈತರು ಅಲ್ಲಿ ಕಗ್ಗ ಎಂಬ ಎತ್ತರದ ಭತ್ತ ಬೆಳೆಯುತ್ತಾರೆ. ಕೇರಳದ ಪೊಕ್ಕಾಲಿ ಕೂಡ ಇಂಥದ್ದೇ. ಪೊಕ್ಕಾಲಿಯನ್ನು ಅಭ್ಯಾಸ ಮಾಡಿದವರಿಗೆ, ಎಲೆಗೆ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಹೆಚ್ಚು ಹೋಗುವಂತೆ ನೋಡಿಕೊಳ್ಳುವ ಗುಣ ಅದರಲ್ಲಿ ಕಂಡಿತು.

ಆದರೆ ಕಗ್ಗ ಬೆಳೆಯುವ ರೈತರು ಬೀಜದ ಮೇಲಷ್ಟೇ ಭಾರ ಹಾಕುವುದಿಲ್ಲ, ಇದನ್ನು ಗಮನಿಸಬೇಕು. ಕಟ್ಟೆ ಹಾಕಿ ಸಮುದ್ರದ ನೀರನ್ನು ತಡೆಯುತ್ತಾರೆ, ಮುಂಗಾರಿನ ಮಳೆ ಉಪ್ಪು ತೊಳೆಯುವುದನ್ನು ಕಾಯುತ್ತಾರೆ, ಆಮೇಲೆ ಬಿತ್ತುತ್ತಾರೆ. ಯಾಕಂದ್ರ ಭತ್ತಕ್ಕೆ ಸಸಿಯಾಗಿದ್ದಾಗ ಮತ್ತು ಹೂ ಬಿಡುವಾಗ ಉಪ್ಪು ಹೆಚ್ಚು ಕಾಡುತ್ತದೆ. ಸುಗ್ಗಿ ಮುಗಿದ ಮೇಲೆ ಅದೇ ನೆಲಕ್ಕೆ ಉಪ್ಪು ನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಗಿಡದ ಶಕ್ತಿ, ಮಳೆಯ ನೀರು, ಮನುಷ್ಯರ ಕಟ್ಟೆ, ಮೂರೂ ಸೇರಿದರೆ ಬೆಳೆ.

7. ನಮ್ಮ ಹೊಲಕ್ಕೆ ಪಾಠ

ಮಣ್ಣಿನ ದ್ರಾವಣ ಎಷ್ಟು ಡೆಸಿಸೀಮನ್ಸ್ ದಾಟಿದರೆ ಇಳುವರಿ ಕುಸಿಯಲು ಶುರುವಾಗುತ್ತದೆ ಎಂಬ ಪಟ್ಟಿಯನ್ನು 1977ರಲ್ಲಿ ಮಾಸ್ ಮತ್ತು ಹಾಫ್‌ಮನ್ ಎಂಬ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದರು. ನಮಗೆ ಗೊತ್ತಿರುವ ಬೆಳೆಗಳು ಹೀಗಿವೆ:

ಹತ್ತಿ – 7.7
ಜೋಳ – 6.8
ಗೋಧಿ – 6.0
ಸೋಯಾಬೀನ್ – 5.0
ಶೇಂಗಾ – 3.2
ಭತ್ತ – 3.0
ಕಬ್ಬು – 1.7
ಗೋವಿನಜೋಳ – 1.7
ಉಳ್ಳಾಗಡ್ಡಿ – 1.2

ಈ ಪಟ್ಟಿ ನೋಡಿದರೆ ಕಾಕಾನ ಮಾತಿಗೆ ಉತ್ತರ ಸಿಗುತ್ತದೆ. ಕಬ್ಬು ಪಟ್ಟಿಯಲ್ಲಿ ಕೆಳಗಡೆ ಅದ. ನೀರು ಇದ್ದ ಮಾತ್ರಕ್ಕೆ ಸವಳಿನಲ್ಲಿ ಅದು ಏಳುವುದಿಲ್ಲ. ಮೇಲಾಗಿ ಅದಕ್ಕೆ ವರ್ಷವಿಡೀ ನೀರು ಬೇಕು. ಒಂದು ಲೆಕ್ಕ ಮಾಡೋಣ. ಒಂದು ಎಕರೆಗೆ ಎರಡು ಇಂಚು ನೀರು ಬಿಟ್ಟರೆ ಅದು ಸುಮಾರು 2 ಲಕ್ಷ ಲೀಟರ್. ಬಾವಿಯ ನೀರು ಒಂದು ಡೆಸಿಸೀಮನ್ಸ್ ಇದ್ದರೆ ಲೀಟರಿಗೆ 0.64 ಗ್ರಾಂ ಲವಣ. ಗುಣಿಸಿದರೆ 128 ಕಿಲೋ! ಒಂದೇ ಸಲ ನೀರು ಬಿಟ್ಟಾಗ ಎಕರೆಗೆ ಒಂದು ಕ್ವಿಂಟಲಿಗಿಂತ ಹೆಚ್ಚು ಲವಣ ನಾವೇ ಹೊಲಕ್ಕೆ ಹಾಕಿದಂತಾಯಿತು. ಅದು ಬಸಿದು ಹೋಗದಿದ್ದರೆ ತಗ್ಗಿನಲ್ಲೇ ಉಳಿಯುತ್ತದೆ.

ಅಪ್ಪನ ಮಾತಿನಲ್ಲಿ ಅರ್ಧ ಸತ್ಯ ಅದ. ತಾಳುವ ಬೆಳೆ ಹಾಕುವುದು ಒಳ್ಳೆಯದೇ. ನಮ್ಮಲ್ಲಿ ಜೋಳ, ಹತ್ತಿ ಇವೆ. ಭತ್ತದ ಸೀಮೆಗೆ ಗಂಗಾವತಿ ಸೋನಾದಂಥ ತಳಿ ಬಂದಿದೆ. ಹರಿಯಾಣದ ಕರ್ನಾಲಿನಲ್ಲಿ 1969ರಲ್ಲಿ ಶುರುವಾದ ಕೇಂದ್ರ ಸಂಸ್ಥೆಯೂ ಇಂಥ ತಳಿಗಳನ್ನು ಕೊಟ್ಟಿದೆ. ಆದರೆ "ನೆಲ ತಾನೇ ಸುಧಾರಿಸ್ತದ" ಎಂಬುದು ಆಗುವುದಿಲ್ಲ. ಭತ್ತ, ಜೋಳದಂಥ ಬೆಳೆ ಉಪ್ಪನ್ನು ಆದಷ್ಟು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಮಣ್ಣಿನಲ್ಲೇ ಬಿಡುತ್ತದೆ. ಒಳಗೆ ತೆಗೆದುಕೊಂಡದ್ದೂ ನಾವು ಹಾಕುವ ಕ್ವಿಂಟಲ್ ಲೆಕ್ಕದ ಮುಂದೆ ಅತ್ಯಲ್ಪ. ಪ್ರತಿ ವರ್ಷ ಉಪ್ಪು ಏರಿದರೆ ಗಿಡದ ಖರ್ಚೂ ಏರುತ್ತದೆ. ಕೊನೆಗೆ ಅದರ ದುಡಿಮೆಯೆಲ್ಲ ಪಂಪು ನಡೆಸುವುದಕ್ಕೇ ಆಗಿ, ತೆನೆಗೆ ಏನೂ ಉಳಿಯುವುದಿಲ್ಲ.

ಆದ್ದರಿಂದ ಮೊದಲು ಮಣ್ಣು ಪರೀಕ್ಷೆ. ಹೊಲದ ಮಣ್ಣನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಾಗಲಿ ಬೀದರ ಹತ್ತಿರದ ಜನವಾಡದ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ಕೇಳಿ ಪರೀಕ್ಷೆಗೆ ಕೊಡಬೇಕು. ವಾಹಕತೆಯ ಜೊತೆ ರಸಸಾರವನ್ನೂ ನೋಡಬೇಕು. ರಸಸಾರ 8.5 ದಾಟಿ ಸೋಡಿಯಂ ಹೆಚ್ಚಿದ್ದರೆ ಅದು ಕ್ಷಾರ ಮಣ್ಣು, ಅದಕ್ಕೆ ಜಿಪ್ಸಂ ಬೇಕಾಗುತ್ತದೆ. ಬರೀ ಸವಳಾದರೆ ಜಿಪ್ಸಂ ಹಾಕಿ ದುಡ್ಡು ಕಳೆಯುವುದು ಬೇಡ, ಬಸಿಗಾಲುವೆ ತೋಡಿ ಮಳೆ ನೀರಿನಿಂದ ಉಪ್ಪು ತೊಳೆದು ಹೋಗಲು ದಾರಿ ಮಾಡಬೇಕು. ಎರಡಕ್ಕೂ ಡಯಂಚಾ ಬೆಳೆದು ಹೂ ಬಿಡುವ ಮುಂಚೆ ಮಣ್ಣಿಗೆ ಸೇರಿಸುವುದು ಒಳ್ಳೆಯದು. ಮಣ್ಣಿಗೆ ಸಡಿಲ ಬರುತ್ತದೆ. ಬಸಿಗಾಲುವೆಯ ನೀರು ಪಕ್ಕದವರ ಹೊಲಕ್ಕೆ ನುಗ್ಗಬಾರದು, ಹಳ್ಳಕ್ಕೆ ಹೋಗಬೇಕು. ಹೀಗಾಗಿ ಇದು ಒಬ್ಬರ ಕೆಲಸವಲ್ಲ, ಸುತ್ತಲಿನ ನಾಲ್ಕು ಹೊಲದವರು ಕೂಡಿ ಮಾಡುವ ಕೆಲಸ.

ಉಪಸಂಹಾರ

ಉಪ್ಪಿನಲ್ಲಿ ಬದುಕುವ ಗಿಡ ಕಲ್ಲಿನಿಂದ ಮಾಡಿದ್ದಲ್ಲ. ಅದರ ಕೋಶವೂ ನಾಜೂಕೇ. ಅದು ಉಪ್ಪನ್ನು ತಡೆಯುತ್ತದೆ, ಭರಣಿಗೆ ಹಾಕುತ್ತದೆ, ಸಮತೂಕ ಮಾಡುತ್ತದೆ, ಬೆವರುತ್ತದೆ, ಬೇಕಾದರೆ ರಾತ್ರಿ ದುಡಿಯುತ್ತದೆ. ಆ ದುಡಿಮೆಯ ಕೂಲಿಯನ್ನು ತನ್ನ ಸಕ್ಕರೆಯಿಂದಲೇ ಕೊಡುತ್ತದೆ. ಅದರ ಭಾರ ಕಡಿಮೆ ಮಾಡುವುದು ಹೊಲದವರ ಕೆಲಸ.

ಮಾಡಿ ನೋಡಿರಿ

ಮೂರು ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ ಪ್ರತಿಯೊಂದರಲ್ಲೂ ಹತ್ತು ಜೋಳ, ಹತ್ತು ಹೆಸರು ಇಡಿರಿ. ಮೊದಲನೆಯದಕ್ಕೆ ಸಿಹಿನೀರು, ಎರಡನೆಯದಕ್ಕೆ ಲೀಟರಿಗೆ ಅರ್ಧ ಚಹಾ ಚಮಚ ಉಪ್ಪಿನ ನೀರು, ಮೂರನೆಯದಕ್ಕೆ ಲೀಟರಿಗೆ ಎರಡು ಚಮಚ ಉಪ್ಪಿನ ನೀರು ಹಾಕಿರಿ. ಬಟ್ಟೆ ಆರದಂತೆ ತಟ್ಟೆ ಮುಚ್ಚಿಡಿರಿ. ಐದು ದಿನ ಮೊಳಕೆ ಎಣಿಸಿ, ಬೇರಿನ ಉದ್ದ ಅಳೆದು ಪಟ್ಟಿ ಮಾಡಿರಿ. ಈ ಹಾಳೆಯ ಕೆಳಗೆ ಖಾಲಿ ಜಾಗ ಬಿಟ್ಟಿದ್ದೇನೆ, ನಿಮ್ಮ ಪಟ್ಟಿಯನ್ನು ಅಲ್ಲಿ ಅಂಟಿಸಿರಿ.

ಪ್ರಶ್ನೆಗಳು

1. ಕಾಲಬುಡದಲ್ಲಿ ನೀರಿದ್ದರೂ ಸವಳಿನ ಗಿಡ ಬಾಡುವುದು ಏಕೆ?
2. ರಸದಾನಿಯನ್ನು ಭರಣಿಗೆ ಹೋಲಿಸಿದ್ದು ಏಕೆ?
3. ಗಿಡವು ಬೀಟೈನನ್ನು ಕೋಶರಸಕ್ಕೆ ಮಾತ್ರ ಬಳಸುವುದರಿಂದ ಏನು ಲಾಭ?
4. ನಿಮ್ಮ ಹೊಲದ ಬಾವಿ ನೀರು ಎರಡು ಡೆಸಿಸೀಮನ್ಸ್ ಇದ್ದರೆ, ಎಕರೆಗೆ ಎರಡು ಇಂಚಿನ ಒಂದು ನೀರಿಗೆ ಎಷ್ಟು ಕಿಲೋ ಲವಣ ಬರುತ್ತದೆ? ಲೆಕ್ಕ ಮಾಡಿ ಮನೆಯಲ್ಲಿ ಹಿರಿಯರಿಗೆ ತೋರಿಸಿರಿ.